ಓಗೊಡದವರ ಸಾಲು

ದೇಶದ ಸಾಲ ತೀರುವವರೆಗೂ ಮುದುಕರನ್ನು ಮಲಗಿಸಿಡಬಹುದು ಎಂದು ಮೊದಲು ಯಾರಿಗೆ ಹೊಳೆಯಿತೋ ನನಗೆ ಗೊತ್ತಿಲ್ಲ. ಹೊಳೆದವರು ಮುದುಕರಂತೂ ಆಗಿರಲಿಕ್ಕಿಲ್ಲ.

ಶುರುವಾದದ್ದು ಒಂದು ಕಪ್ಪೆಯಿಂದ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಮಣ್ಣಿನೊಳಗೆ ಹೂತುಕೊಂಡು, ಉಸಿರನ್ನೂ ಎದೆಬಡಿತವನ್ನೂ ಇದ್ದೂ ಇಲ್ಲದಂತೆ ಮಾಡಿಕೊಂಡು, ಮಳೆ ಬಿದ್ದ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಎದ್ದು ವಟಗುಟ್ಟುತ್ತದಲ್ಲ, ಆ ಕಪ್ಪೆ. ಅದರ ರಕ್ತದಲ್ಲಿರುವ ಒಂದು ವಸ್ತುವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ, ಮನುಷ್ಯನಿಗೆ ಚುಚ್ಚಿ, ಮೈಯನ್ನು ಮೆಲ್ಲಗೆ ತಣ್ಣಗೆ ಮಾಡುತ್ತ ಹೋದರೆ ಅವನೂ ಹಾಗೆಯೇ ಮಲಗುತ್ತಾನೆ. ಊಟ ಬೇಡ, ಬಿ.ಪಿ. ಮಾತ್ರೆ ಬೇಡ, ಪಿಂಚಣಿ ಬೇಡ. ಪಿಂಚಣಿ ಇಳಿಸಿ, ಔಷಧಿ ಖರ್ಚು ಇಳಿಸಿ ಎಂದು ಸಾಲ ಕೊಟ್ಟವರು ಕುತ್ತಿಗೆಯ ಮೇಲೆ ಕೂತಿದ್ದ ಕಾಲ ಅದು. ಸರ್ಕಾರಕ್ಕೆ ಕಪ್ಪೆಯೇ ದೇವರಾಗಿ ಕಂಡಿತು. ಯೋಜನೆಗೆ 'ರಾಷ್ಟ್ರೀಯ ವಿಶ್ರಾಂತಿ' ಎಂದು ಹೆಸರಿಟ್ಟರು. ಜನ ಅದನ್ನು ಕಪ್ಪೆನಿದ್ದೆ ಎಂದು ಕರೆದರು. ಅರವತ್ತೈದು ತುಂಬಿದವರು ಮಲಗಬೇಕು, ಸಾಲ ತೀರಿದ ದಿನ ಎಬ್ಬಿಸುತ್ತೇವೆ. ಇದು ಸರ್ಕಾರ ಕೊಟ್ಟ ಮಾತು.

ನಾನು ವಿನುತಾ. ದಾವಣಗೆರೆಯಲ್ಲಿ ಮುಚ್ಚಿಹೋಗಿದ್ದ ಒಂದು ಹತ್ತಿ ಮಿಲ್ಲಿನಲ್ಲಿ ಈ ಮಲಗುವ ಕೇಂದ್ರವಿದೆ. ಅದರ ಕಂಟ್ರೋಲ್ ರೂಮಿನಲ್ಲಿ ನನ್ನ ಕೆಲಸ. ನೂಲುವ ಯಂತ್ರಗಳಿದ್ದ ಶೆಡ್ಡಿನಲ್ಲಿ ಈಗ ಪೆಟ್ಟಿಗೆಗಳು ಸಾಲಾಗಿವೆ. ನನ್ನ ಅಪ್ಪಾಜಿ ಅದೇ ಶೆಡ್ಡಿನಲ್ಲಿ ಮೇಸ್ತ್ರಿಯಾಗಿ ಜೀವ ತೇಯ್ದವರು. ಮೂರು ವರ್ಷದ ಹಿಂದೆ ಅವರನ್ನು ತಂದು ಅಲ್ಲೇ ಮಲಗಿಸಿದರು. ಆ ದಿನ ಅವರು ಪೆಟ್ಟಿಗೆ ಹತ್ತುವ ಮುಂಚೆ ಸೂರಿನ ಕಡೆ ನೋಡಿ, "ಇಲ್ಲಿ ಸೋರ್ತಿತ್ತು, ರಿಪೇರಿ ಮಾಡ್ಸೀರೋ ಇಲ್ಲೋ?" ಎಂದು ನರ್ಸಮ್ಮನನ್ನು ಕೇಳಿದ್ದರು.

ಮಲಗಿಸುವುದು ಸುಲಭ. ಮಿದುಳು ವಾಪಸು ಬರುವ ದಾರಿ ಮರೆಯದಂತೆ ನೋಡಿಕೊಳ್ಳುವುದೇ ಕಷ್ಟ. ಅದಕ್ಕೆ ವಾರಕ್ಕೊಮ್ಮೆ ಇಡೀ ಶೆಡ್ಡನ್ನು ಸ್ವಲ್ಪ ಬೆಚ್ಚಗೆ ಮಾಡಿ, ಸರದಿಯಂತೆ ಒಂದಷ್ಟು ಜನರನ್ನು ಕಿವಿಯ ಹತ್ತಿರ ಕರೆಯುತ್ತೇವೆ; ಒಬ್ಬೊಬ್ಬರ ಸರದಿ ಆರು ತಿಂಗಳಿಗೊಮ್ಮೆ. ಅವರು ಕಣ್ಣು ಬಿಡುವುದಿಲ್ಲ. ಆದರೆ ಪರದೆಯ ಮೇಲೆ ಚಪ್ಪಟೆಯಾಗಿ ಹರಿಯುತ್ತಿದ್ದ ಹಸಿರು ಗೆರೆ ಒಮ್ಮೆ ಎದ್ದು ಇಳಿಯುತ್ತದೆ. ಅದಕ್ಕೆ ನಾವು 'ಓಗೊಟ್ಟರು' ಎನ್ನುತ್ತೇವೆ. ಮೂರು ಸರದಿಯಲ್ಲೂ ಓಗೊಡದಿದ್ದರೆ ಮಿದುಳು ಹೋಯಿತೆಂದು ತೀರ್ಮಾನ. ಅವರ ಪೆಟ್ಟಿಗೆ ಹಿಂದಿನ ಸಾಲಿಗೆ ಹೋಗುತ್ತದೆ. ಶನಿವಾರ ಲಾರಿ ಬಂದು ತುಂಬಿಕೊಂಡು ಹೋಗುತ್ತದೆ. ಎಲ್ಲಿಗೆ ಎಂದು ನಾವ್ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳಿಬಿಟ್ಟಾರು ಎಂಬ ಹೆದರಿಕೆ.

ಮೊದಲೆಲ್ಲ ಕರೆಯುವುದಕ್ಕೆ ಮನೆಯವರೇ ಬರುತ್ತಿದ್ದರು. ಮಂಡಕ್ಕಿ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು, ಮಿಲ್ಲಿನ ಅಂಗಳದಲ್ಲಿ ಚಾಪೆ ಹಾಸಿ ಕೂತು, ಸರದಿ ಬಂದಾಗ ಮೈಕಿನಲ್ಲಿ ಕೂಗಿ, ಅತ್ತು, ಹೋಗುತ್ತಿದ್ದರು. ನನ್ನ ಅವ್ವ ಹಾಲಮ್ಮನೂ ಹಾಗೆ ಬಂದು ಕರೆದಿದ್ದಳು. ಅಪ್ಪಾಜಿಯ ಗೆರೆ ಟಣ್ಣನೆ ಎದ್ದಿತ್ತು. ಹೋದ ವರ್ಷ ಅದನ್ನು ನಿಲ್ಲಿಸಿದರು. ಅಷ್ಟು ಜನಕ್ಕೆ ನೀರು, ನೆರಳು, ಪೊಲೀಸ್ ಎಂದರೆ ಖರ್ಚು. ಈಗ ಸೇರುವಾಗಲೇ ರೆಕಾರ್ಡ್ ಮಾಡಿಕೊಂಡ ದನಿಯನ್ನು ಯಂತ್ರವೇ ಕೇಳಿಸುತ್ತದೆ. ಅದರಲ್ಲಿ ಮಲಗಿದವರ ಹೆಸರು ಇರಲೇಬೇಕು. ಹೆಸರಿಲ್ಲದಿದ್ದರೆ ಯಾರ ಕರೆ ಯಾರಿಗೆ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಹೆಸರಿಲ್ಲದ ರೆಕಾರ್ಡುಗಳನ್ನು ಅಳಿಸಿ, ಬದಲಿಗೆ ಯಂತ್ರದ ದನಿ ಹಾಕಿದರು.

ಆಮೇಲಿಂದ ಹಿಂದಿನ ಸಾಲು ಉದ್ದವಾಗುತ್ತ ಬಂತು. ಅದರಲ್ಲಿ ಹೆಚ್ಚಿನವರು ಗಂಡಸರು. ಕೇಂದ್ರದ ಮುಖ್ಯಸ್ಥೆ ಡಾ. ಮೃಣಾಲಿನಿಯವರನ್ನು ಒಮ್ಮೆ ಚಹಾ ಕುಡಿಯುತ್ತ ಕೇಳಿದೆ. "ಗಂಡಸರ ಮಿದುಳು ಬೇಗ ಸೋಲುತ್ತೆ ವಿನುತಾ. ಅದರಲ್ಲೂ ಬೀಡಿ, ಹತ್ತಿ ಧೂಳು," ಎಂದರು. ನನಗೂ ಅದು ಸರಿ ಅನ್ನಿಸಿ ನಕ್ಕಿದ್ದೆ. ನಾನು ನೋಡಿಕೊಳ್ಳುತ್ತಿದ್ದ ಸಾಲಿನಲ್ಲಿ ಅಪ್ಪಾಜಿ ಇರಲಿಲ್ಲ. ಸ್ವಂತದವರ ಸಾಲು ಯಾರಿಗೂ ಕೊಡುವುದಿಲ್ಲ, ಅವರ ವಿಷಯ ಕೇಳುವುದೂ ನಿಷಿದ್ಧ.

ಆ ದಿನ ಬೆಳಿಗ್ಗೆ ಮನೆಯಲ್ಲಿ ಜಗಳವಾಗಿತ್ತು. ಅವ್ವನಿಗೆ ಮುಂದಿನ ತಿಂಗಳು ಅರವತ್ತೈದು. ಅವತ್ತೇ ನಮ್ಮ ಕೇಂದ್ರದಲ್ಲಿ ಅವಳ ಆರೋಗ್ಯ ತಪಾಸಣೆ. ಅವಳು ದೋಸೆ ಹೊಯ್ಯುತ್ತ, "ಒಂದ್ ವರ್ಷ ಮುಂದಕ್ಕೆ ಹಾಕ್ಸಾಕ ಆಗಲ್ಲೇನೇ?" ಎಂದು ನನ್ನನ್ನು ಕೇಳಿದಳು. ಉತ್ತರ ಕೊಟ್ಟವನು ನನ್ನ ತಮ್ಮ ಸಂದೇಶ.

"ಮುಂದಕ್ಕೆ ಹಾಕಿದ್ರೆ ಬಡ್ಡಿ ತೆರಿಗೆ ನನ್ ಸಂಬಳದಾಗೆ ಹಿಡಿತಾರವ್ವ. ಈಗ್ಲೇ ಕೈಗೆ ಬರೋದು ಅಷ್ಟರಾಗೆ ಐತಿ."

ಅವನ ಮಾತು ಸುಳ್ಳಲ್ಲ. ಎದ್ದಿರುವ ಒಬ್ಬೊಬ್ಬ ಹಿರಿಯರ ಲೆಕ್ಕದಲ್ಲಿ ಗಂಡುಮಕ್ಕಳ ಸಂಬಳದಿಂದ ದೇಶದ ಬಡ್ಡಿಗೆಂದು ಮುರಿದುಕೊಳ್ಳುತ್ತಾರೆ. ಯಾರು ಎದ್ದಿದ್ದಾರೆ, ಯಾರು ಮಲಗಿದ್ದಾರೆ ಎಂಬುದು ನಮ್ಮ ಪರದೆಗಳಿಂದ ನೇರ ತೆರಿಗೆ ಇಲಾಖೆಗೆ ಹೋಗುತ್ತದೆ. ಹೆಚ್ಚುಕಮ್ಮಿಯಾದರೆ ಮರುಕ್ಷಣ ಮಗನ ಫೋನಿಗೆ ಮೆಸೇಜು ಬರುತ್ತದೆ. ಮದುವೆಯ ವಯಸ್ಸು ದಾಟುತ್ತಿದ್ದ ಸಂದೇಶ ಒಂದು ಬಾಡಿಗೆ ಮನೆಯ ಕನಸನ್ನೂ ಕಾಣದೆ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕತ್ತೆಯ ಹಾಗೆ ದುಡಿಯುತ್ತಿದ್ದ. ಸಂಜೆಯ ಹೊತ್ತು 'ನಾಳೆಯವರು' ಎಂಬ ಹುಡುಗರ ಸಂಘಕ್ಕೆ ಹೋಗುತ್ತಿದ್ದ. ಉಂಡವರು ಮಲಗಲಿ, ದುಡಿಯುವವರು ಉಣ್ಣಲಿ ಎಂದು ಅವರ ಗೋಡೆ ಬರಹ ಊರ ತುಂಬ ಇತ್ತು.

"ನಿಮ್ ಕಾಲದಾಗೆ ಬೇಕಾದ್ದೆಲ್ಲ ಸಾಲ ತಂದು ಮಾಡಿದ್ರಿ," ಎಂದ ಸಂದೇಶ. "ಸೇತುವೆ, ಮೂರ್ತಿ, ಎಲೆಕ್ಷನ್ ಬಂದಾಗೆಲ್ಲ ಒಂದೊಂದು ಬಿಟ್ಟಿ ಸಾಮಾನು. ನಾವ್ ಹುಟ್ಟೋಕ್ ಮುಂಚೇನೇ ನಮ್ ಹೆಸರಿಗೆ ಬರೆದಿಟ್ರಿ."

"ನಾನ್ ಯಾವ ಸೇತುವೆ ಕಟ್ಟಿದ್ನಪಾ?" ಅವ್ವ ಸೌಟು ಹಿಡಿದೇ ತಿರುಗಿದಳು. "ಒಂದ್ ಮಿಕ್ಸಿ ಕೊಟ್ಟಿದ್ರು. ಅದೂ ದೀಪಾವಳಿ ಕಾಣ್ಲಿಲ್ಲ, ಸುಟ್ಟೋತು."

ನನಗೆ ನಗು ಬಂತು. ಸಂದೇಶನಿಗೆ ಬರಲಿಲ್ಲ. ಅವನು ತಟ್ಟೆ ಸರಿಸಿ ಎದ್ದ. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ, "ಸಾಯ್ ಅಂತ ಹೇಳ್ತಿಲ್ಲವ್ವ, ಮಲಗು ಅಂತ ಅಷ್ಟೇ," ಎಂದ. 

ಅವನು ಹೋದ ಮೇಲೆ ಅವ್ವ ಒಲೆ ಆರಿಸಿ ನನ್ನ ಪಕ್ಕ ಕೂತಳು. "ಸಾಯೋಕೆ ಹೆದ್ರಿಕಿ ಇಲ್ಲ ಕಣವ್ವ. ಎಬ್ಬಿಸೋದು ಮರ್ತುಬಿಟ್ರೆ? ನಿಮ್ಮಪ್ಪಾಜಿ ಹೆಂಗದಾರೆ?"

"ಚೆನ್ನಾಗದಾರೆ," ಎಂದೆ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

ಮಧ್ಯಾಹ್ನದ ಪಾಳಿಗೆ ಹೋದಾಗ ಶೆಡ್ಡು ಬೆಚ್ಚಗಾಗುತ್ತಿತ್ತು. ಕರೆಯುವ ದಿನ. ಪಕ್ಕದ ಸಾಲು ನೋಡಿಕೊಳ್ಳುವವರು ರಜೆ ಹಾಕಿದ್ದರು. ಮೃಣಾಲಿನಿ ಮೇಡಂ ಬೆಂಗಳೂರಿನವರ ಜೊತೆ ಆನ್‌ಲೈನ್ ಮೀಟಿಂಗಿನಲ್ಲಿ ಮುಳುಗಿದ್ದರು, ಪಕ್ಕದ ಕೋಣೆಯ ಗಾಜಿನ ಆಚೆ ಅವರ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಆ ಸಾಲನ್ನೂ ನೀನೇ ನೋಡಿಕೋ ಎಂದು ಬೆಳಿಗ್ಗೆಯೇ ಫೋನಿನಲ್ಲಿ ಹೇಳಿಬಿಟ್ಟಿದ್ದರು, ಅದರಲ್ಲಿ ಯಾರಿದ್ದಾರೆಂದು ನೋಡುವ ಪುರಸೊತ್ತು ಅವರಿಗೆ ಇರಲಿಲ್ಲ.

ಪರದೆ ತೆರೆದೆ. ಕೆ. ಕೊಟ್ರಬಸಪ್ಪ. ಹೆಸರಿನ ಮುಂದೆ ಎರಡು ಕೆಂಪು ಚುಕ್ಕಿ.

ಎರಡು ಸಲ ಅಪ್ಪಾಜಿ ಓಗೊಟ್ಟಿರಲಿಲ್ಲ. ಇವತ್ತಿನದು ಮೂರನೆಯದು, ಕೊನೆಯದು. ನಾಳೆ ಶನಿವಾರ.

 ನೋಡನೋಡುತ್ತಿದ್ದಂತೆ ಸರದಿ ಅವರಿಗೆ ಬಂತು. ನನ್ನ ಹೆಡ್‌ಫೋನಿನಲ್ಲಿ ಯಾವುದೋ ಊರಿನ, ಯಾವ ಊರಿನದೂ ಅಲ್ಲದ ಹೆಣ್ಣು ದನಿ ಹೇಳಿತು: "ಶ್ರೀ ಕೆ. ಕೊಟ್ರಬಸಪ್ಪ ಅವರೇ, ದಯವಿಟ್ಟು ಪ್ರತಿಕ್ರಿಯಿಸಿ." ಗೆರೆ ಅಲ್ಲಾಡಲಿಲ್ಲ. ಶೆಡ್ಡು ಮತ್ತೆ ತಣ್ಣಗಾಗುವವರೆಗೆ ಎಷ್ಟು ಸಲವಾದರೂ ಕರೆಯಬಹುದು ಎಂಬ ನಿಯಮವಿದೆ. ಮತ್ತೆ ಒತ್ತಿದೆ. ದಯವಿಟ್ಟು ಪ್ರತಿಕ್ರಿಯಿಸಿ. ಮತ್ತೆ ಒತ್ತಿದೆ. ಬ್ಯಾಂಕಿನವರೂ ನಮ್ಮಪ್ಪನನ್ನು ಇಷ್ಟು ಮರ್ಯಾದೆಯಿಂದ ಕರೆದದ್ದಿಲ್ಲ.

ಅವ್ವ ಇದೇ ಕಟ್ಟಡದಲ್ಲಿದ್ದಾಳೆ ಎಂಬುದು ನೆನಪಾಯಿತು. ಯಂತ್ರದ ದನಿಗೆ ಬಾರದವರು ಅವಳ ದನಿಗೆ ಬಂದಾರು. ಮೆಟ್ಟಿಲಿಳಿದು ಓಡಿದೆ. ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದಳು. "ಬಾ ಅವ್ವ, ಬೇಗ," ಎಂದು ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದೆ. ಕಾವಲುಗಾರ್ತಿ ನನ್ನ ಮುಖ ನೋಡಿ ಏನೂ ಕೇಳದೆ ಬಿಟ್ಟಳು.

ಮೈಕಿನ ಮುಂದೆ ಕೂರಿಸಿ ವಿಷಯ ಹೇಳಿದೆ. ಅವ್ವ ಅಳಲಿಲ್ಲ. ಸೆರಗು ಸರಿಮಾಡಿಕೊಂಡಳು, ಯಾರೋ ನೋಡುತ್ತಿದ್ದಾರೆ ಎನ್ನುವಂತೆ.

"ಹೆಸರು ಹೇಳಿ ಕರಿಬೇಕು," ಎಂದೆ. "ಇಲ್ಲಾಂದ್ರೆ ಯಂತ್ರ ಅವರ ಕಿವಿಗೆ ಬಿಡಲ್ಲ."

"ನಾನಾ?"

"ಹೂಂ. ನೀನೇ."

"ಸೇರ್ಸೋ ದಿನಾನೇ ನಾನು ಒಲ್ಲೆ ಅಂದಿದ್ನಲ್ಲೇ."

ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಆ ಹೆಸರು ಬಂದದ್ದಿಲ್ಲ. ರೇಷನ್ ಕಾರ್ಡಿನವರು ಕೇಳಿದರೂ ನನ್ನನ್ನು ಮುಂದೆ ದೂಡುತ್ತಿದ್ದಳು. ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದಂತೆ. ಪರದೆಯ ಮೂಲೆಯಲ್ಲಿ ತಾಪಮಾನ ಇಳಿಯಲು ಶುರುವಾಗಿತ್ತು. ಅವಳು ಕಣ್ಣು ಮುಚ್ಚಿ, ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ಬಿಟ್ಟು, ಕಳ್ಳತನ ಮಾಡುವವಳ ದನಿಯಲ್ಲಿ, "ಕೊಟ್ರಬಸಪ್ಪಾ..." ಎಂದಳು.

ಗೆರೆ ಅಲ್ಲಾಡಲಿಲ್ಲ.

"ಇನ್ನೊಂದ್ಸಲ."

"ಕೊಟ್ರಬಸಪ್ಪಾ!"

ಇಲ್ಲ. ಅವ್ವನ ಮುಖ ಬಿಳುಚಿತು. ಕೊನೆಗೂ ಹೆಸರು ಹೇಳಿ ತಾನೇ ಗಂಡನನ್ನು ಕೊಂದೆ ಎಂದು ಅವಳು ಅಂದುಕೊಂಡದ್ದು ನನಗೆ ಎದ್ದು ಕಂಡಿತು. ನಾನು ಏನಾದರೂ ಮಾಡಬೇಕೆಂದು ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದೆ.  ಅದರಲ್ಲಿ ಒಂದು, ಬೆಂಕಿ ಬಿದ್ದಾಗ ಮೈಕಿನ ದನಿಯನ್ನು ಇಡೀ ಶೆಡ್ಡಿಗೆ, ಎಲ್ಲರ ಕಿವಿಗೂ ಬಿಡುವ ಗುಂಡಿ. ಅದು ಹೆಸರು ಗಿಸರು ಕೇಳುವುದಿಲ್ಲ. ಒತ್ತಿದ್ದು ನನಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಅವ್ವನಿಗೆ ಸಿಟ್ಟು ಬಂದಿತ್ತು. ಅಳು ತಡೆಯಲಾಗದ ಸಿಟ್ಟು. ಮನೆಯಲ್ಲಿ ಪ್ರತಿದಿನ ಬೆಳಿಗ್ಗೆ ಅಡುಗೆಮನೆಯಿಂದ ಕೂಗುತ್ತಿದ್ದಳಲ್ಲ, ಹಾಗೆಯೇ ಕೂಗಿದಳು.

"ರೀ! ಏನ್ರೀ! ಕೇಳ್ತೇನು? ಚಾ ಆರಿ ನೀರಾತು. ಇನ್ನಾ ಬಿದ್ಕಂಡೀರಲ್ಲ, ಏಳ್ರೀ ಮ್ಯಾಲೆ!"

ಅಪ್ಪಾಜಿಯ ಗೆರೆ ಛಂಗನೆ ನೆಗೆಯಿತು.

ನಾನು ಅವ್ವನನ್ನು ತಬ್ಬಿಕೊಳ್ಳಲು ತಿರುಗಿದವಳು ಹಾಗೆಯೇ ನಿಂತೆ. ಪಕ್ಕದ ಪೆಟ್ಟಿಗೆಯ ಗೆರೆಯೂ ಎದ್ದಿತ್ತು. ಅದರಾಚೆಯದೂ. ಗೋಡೆ ತುಂಬ ಇರುವ ಪರದೆಗಳಲ್ಲಿ ಗಂಡಸರ ಗೆರೆಗಳು ಒಂದರ ಹಿಂದೊಂದು ಏಳುತ್ತ ಹೋದವು. ಹೆಂಗಸರದು ಒಂದೂ ಅಲ್ಲಾಡಲಿಲ್ಲ. ಅವರಿಗೆ ಅದು ತಮ್ಮದೇ ದನಿ, ತಮ್ಮನ್ನು ಕರೆದದ್ದಲ್ಲ. ಗಂಡಸರಿಗೋ, ಜೀವಮಾನವಿಡೀ ಮನೆಯೊಳಗೆ ಇದ್ದದ್ದು ಆ ಒಂದೇ ಹೆಸರು.

ಆಮೇಲೆ ಹಿಂದಿನ ಸಾಲು ಎದ್ದಿತು.

ನಾಳೆ ಲಾರಿ ಹತ್ತಬೇಕಾದ ಪೆಟ್ಟಿಗೆಗಳು ಅವು. ಹೋಗುವವರಿಗೆ ಯಾಕೆ ಕರೆಂಟು ಸುಡುವುದೆಂದು ಅವುಗಳ ತಂಪನ್ನು ಆಗಲೇ ಅರ್ಧಕ್ಕರ್ಧ ನಿಲ್ಲಿಸಿದ್ದರು. ಸತ್ತರು ಎಂದು ನಾನೇ ಚುಕ್ಕಿ ಇಟ್ಟವರು ಅದರಲ್ಲಿ ಅರ್ಧ. ಅವರ ಗೆರೆಗಳು ಎಲ್ಲರಿಗಿಂತ ಜೋರಾಗಿ ಕುಣಿಯುತ್ತಿದ್ದವು. ಅವರು ಮಿದುಳು ಹೋದವರಲ್ಲ. ಅವರನ್ನು ಯಾರೂ ಕರೆದೇ ಇರಲಿಲ್ಲ ಅಷ್ಟೇ. ಹೋದ ಶನಿವಾರದ ಲಾರಿ ನೆನಪಾಯಿತು, ಅದರ ಹಿಂದಿನ ಶನಿವಾರದ್ದು, ಅದರ ಹಿಂದಿನದ್ದು. 

"ಮೈಕ್ ಆಫ್ ಮಾಡು."

ಮೃಣಾಲಿನಿ ಮೇಡಂ ಬಾಗಿಲಲ್ಲಿ ನಿಂತಿದ್ದರು. ಬಯ್ಯುವ ದನಿಯಲ್ಲ, ಹೆದರಿದವರ ದನಿ.

"ನಿಮಗೆ ಗೊತ್ತಿತ್ತಾ ಮೇಡಂ?"

"ಅನುಮಾನ ಇತ್ತು." ಅವರು ಪರದೆಗಳನ್ನು ನೋಡಲಿಲ್ಲ. "ಬರೆದು ಕಳಿಸಿದ್ದೆ. ಉತ್ತರ ಬರಲಿಲ್ಲ. ಎರಡನೇ ಸಲ ಕಳಿಸಲಿಲ್ಲ."

"ಲಾರಿಯಲ್ಲಿ ಹೋದವರು?"

ಮೇಡಂ ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. "ಕೇಳು ವಿನುತಾ. ಓಗೊಟ್ಟಿದ್ದಾರೆ, ಸರಿ. ಈಗ ತಣ್ಣಗೆ ಮಾಡಿದರೆ ಮತ್ತೆ ಮಲಗುತ್ತಾರೆ. ನಿನ್ನ ತಂದೆಯ ಚುಕ್ಕಿ ನಾನೇ ಅಳಿಸುತ್ತೇನೆ. ಪೂರ್ತಿ ಎಬ್ಬಿಸಿದರೆ ಎಲ್ಲಿಡುತ್ತೀಯ? ಇವರ ಔಷಧಿ, ಇವರ ಪಿಂಚಣಿ? ಇಲ್ಲಿ ಎದ್ದರೆ ಬೇರೆ ಊರುಗಳಲ್ಲೂ ಏಳುತ್ತಾರೆ. ಸಾಲ ಕೊಟ್ಟವರು ಕೈ ಎತ್ತುತ್ತಾರೆ. ನಿನ್ನ ತಮ್ಮನಿಗೆ ಸಂಬಳವೇ ಇರುವುದಿಲ್ಲ. ಹಸಿದ ಹುಡುಗರು ಏನು ಮಾಡುತ್ತಾರೆ ಅಂತ ಯೋಚನೆ ಮಾಡಿದ್ದೀಯಾ?"

ಮಾಡಿದ್ದೆ. ಅದೇ ಯೋಚನೆ ಮಾಡುತ್ತ ಇಷ್ಟು ದಿನ ಈ ಕುರ್ಚಿಯಲ್ಲಿ ಕೂತಿದ್ದೆ.

"ಹಿಂದಿನ ಸಾಲಿನವರ ಚುಕ್ಕಿನೂ ಅಳಿಸ್ತೀರಾ?" ಎಂದೆ.

"ಅವರ ಪಟ್ಟಿ ಹೋಗಿಯಾಗಿದೆ. ಅವರು ಸತ್ತಿದ್ದಾರೆ ಅಂತ ಮೇಲಿನವರು ಒಪ್ಪಿಯಾಗಿದೆ."

ಅವ್ವನಿಗೆ ಈ ಮಾತುಗಳ ಅರ್ಧ ತಿಳಿಯಿತೋ ಇಲ್ಲವೋ. ಅವಳು ಮಾತ್ರ ಪರದೆಗೆ ಮುಖ ಹತ್ತಿರ ಮಾಡಿ, ಅಪ್ಪಾಜಿಯ ಗೆರೆಯನ್ನು ಬೆರಳಿನಿಂದ ಸವರುತ್ತಿದ್ದಳು. "ಓ ಅಂದ್ರು ನೋಡೇ," ಎಂದಳು. "ಕರೆದು ಎಬ್ಬಿಸಿ, ಈಗ ಮಲಗ್ರಿ ಅಂದ್ರೆ ಏನ್ ತಿಳ್ಕಂತಾರೆ?"

ನನಗೆ ಧೈರ್ಯ ಬಂತು ಎಂದರೆ ಸುಳ್ಳಾಗುತ್ತದೆ. ಹೆದರಿಕೆ ಎರಡೂ ಕಡೆ ಇತ್ತು. ನಾಳೆಯ ಲಾರಿಯ ಹೆದರಿಕೆ ಒಂದು ಗುಲಗಂಜಿ ಹೆಚ್ಚಿತ್ತು. ಪೂರ್ತಿ ಎಬ್ಬಿಸುವ ಕೀಲಿಯನ್ನು ಅಪ್ಪಾಜಿಯ ಪೆಟ್ಟಿಗೆಗೂ ಹಿಂದಿನ ಸಾಲಿಗೂ ತಿರುಗಿಸಿದೆ. ಮೃಣಾಲಿನಿ ಮೇಡಂ ಫೋನ್ ಕೈಗೆತ್ತಿಕೊಂಡರು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಮೇಜಿನ ಮೇಲೆ ಬೋರಲು ಹಾಕಿದರು. ಅವರ ಕಣ್ಣಲ್ಲಿ ನೀರಿತ್ತು.

ಕೆಳಗೆ ಶೆಡ್ಡಿಗೆ ಹೋದಾಗ ಪೆಟ್ಟಿಗೆಯ ಗಾಜು ಬೆವೆತಿತ್ತು. ಅವ್ವ ಸೆರಗಿನಿಂದ ಒರೆಸಿದಳು. ಅಪ್ಪಾಜಿಯ ರೆಪ್ಪೆ ಅಲುಗಿತು, ತುಟಿ ಒಣಗಿ ಬಿಳಿಯಾಗಿತ್ತು. ಕಣ್ಣು ಬಿಟ್ಟು ಮೊದಲು ಸೂರನ್ನು ನೋಡಿದರು, ಆಮೇಲೆ ಅವ್ವನನ್ನು. ಸಂತೋಷವೋ ಏನೋ ಅವರ ಮುಖದಲ್ಲಿ ಹರಡಿತು.

"ಸಾಲ ತೀರಿತಾ?" ಎಂದರು.

ಅವ್ವ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ಇಲ್ರೀ," ಎಂದಳು ಅವ್ವ. "ಹೆಚ್ಚಾಗೈತಿ. ನೀವು ಏಳ್ರಿ."

ಅಷ್ಟು ಹೊತ್ತಿಗೆ ಹಿಂದಿನ ಸಾಲಿನಿಂದಲೂ ಒಣಗಿದ ದನಿಗಳು ಬರತೊಡಗಿದ್ದವು. ತೀರಿತಾ? ಸಾಲ ತೀರಿತಾ? ಒಂದು ಪೆಟ್ಟಿಗೆಯಿಂದ, ಇನ್ನೊಂದರಿಂದ. ಎಬ್ಬಿಸಿದ್ದಾರೆ ಎಂದ ಮೇಲೆ ತೀರಿರಲೇಬೇಕು ಎಂದು ಅವರು ನಂಬಿದ್ದರು. ಕೊಟ್ಟ ಮಾತನ್ನು ನಂಬುವ ಕಾಲದವರು. ನನಗೆ ಅಲ್ಲಿ ನಿಲ್ಲಲಾಗದೆ ಕಂಟ್ರೋಲ್ ರೂಮಿಗೆ ಓಡಿ ಬಂದೆ.

ನನ್ನ ಫೋನ್ ಹೊಡೆದುಕೊಳ್ಳುತ್ತಿತ್ತು. ಸಂದೇಶ.

"ಅಕ್ಕಾ, ಈಗಷ್ಟೇ ನನ್ ಬಡ್ಡಿ ತೆರಿಗೆ ಏರೈತಿ. ಅವ್ವಂದು ಇನ್ನೂ ಒಂದ್ ತಿಂಗಳು ಐತಲ್ಲ? ಯಾರದು ಇದು?"

"ಅಪ್ಪಾಜಿ ಎದ್ರು ಕಣೋ."

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ ಸದ್ದಾಯಿತು. 

"ಮಾತಾಡ್ತಾರೇನು?"

"ಹೂಂ."

"ನನ್ನ ಕೇಳಿದ್ರಾ?"

ಹೌದು ಎಂದುಬಿಡಬೇಕಿತ್ತು. ಬೆಳಿಗ್ಗೆ ಅವ್ವನ ಹತ್ತಿರ ಅಷ್ಟು ಸಲೀಸಾಗಿ ಸುಳ್ಳು ಹೇಳಿದ ನನ್ನ ಬಾಯಿ ಈಗ ಹೇಳಲಿಲ್ಲ. "ಸಾಲ ತೀರಿತಾ ಅಂತ ಕೇಳಿದ್ರು," ಎಂದೆ.

ಅವನು ಅತ್ತನೋ ನಕ್ಕನೋ ತಿಳಿಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವನ ಆಫೀಸಿನಲ್ಲಿ ಇನ್ನೊಂದು ಫೋನ್ ಗುಂಯ್ ಎಂದಿತು. ಅದರ ಹಿಂದೆ ಇನ್ನೊಂದು. ಮತ್ತೊಂದು. ನನ್ನೆದುರಿನ ಪರದೆಯಲ್ಲಿ ಹಿಂದಿನ ಸಾಲಿನ ಒಬ್ಬೊಬ್ಬರು ಕಣ್ಣು ಬಿಟ್ಟ ಹಾಗೆಲ್ಲ ಅಲ್ಲಿ ಒಬ್ಬೊಬ್ಬ ಮಗನ ಫೋನ್ ಗುಂಯ್‌ಗುಡುತ್ತಿತ್ತು. ಕುರ್ಚಿಗಳು ಸರಿದ ಸದ್ದು. "ನಮ್ಮಪ್ಪ ಸತ್ತಾನೆ ಅಂತ ಕಾಗದ ಕೊಟ್ಟಿದ್ರಲ್ಲೋ!" ಎಂದು ಯಾರೋ ಕಿರುಚಿದ. "ಮಿಲ್ಲಿನಾಗೆ ಏನೋ ಮಾಡ್ಯಾರೆ, ನಡೀರಿ," ಎಂದು ಇನ್ನೊಬ್ಬ. ಮೆಟ್ಟಿಲಿಳಿಯುವ ಕಾಲುಗಳ ದಡದಡ.

"ಅಕ್ಕಾ," ಎಂದ ಸಂದೇಶ. ದನಿ ತಗ್ಗಿಸಿದ್ದ. "ಎಲ್ಲಾ ಅಲ್ಲಿಗೇ ಹೊಂಟಾರೆ. ಬೀದಿಯಾಗೆ ನಮ್ ಸಂಘದ ಹುಡುಗ್ರೂ ಸೇರ್ಕಂತಿದಾರೆ, ಸಿಟ್ಟಿನಾಗದಾರೆ. ಗೇಟ್ ಹಾಕ್ಸು. ಒಳಗಿನ ಬಾಗ್ಲೂ ಹಾಕ್ಕ. ಯಾರ್ ಬಂದ್ರೂ ತೆಗಿಬ್ಯಾಡ."

"ನೀನು?"

 ಅವನ ಹೆಸರು ಹಿಡಿದು ಯಾರೋ ಹೊರಗಿಂದ ಕರೆಯುತ್ತಿದ್ದರು, ಬಾರೋ, ಬಾರೋ ಎಂದು.

"ನಾನ್ ಬಂದ್ರೂ ತೆಗಿಬ್ಯಾಡ," ಎಂದ.

ನಾನು ಎದ್ದು ಕೆಳಗೆ ಹೋಗಿ ಶೆಡ್ಡಿನ ಬಾಗಿಲ ಚಿಲಕ ಒಳಗಿನಿಂದ ಹಾಕಿದೆ.